ಅತ್ತೆ ಗಿರಾಕಿಯಲ್ಲ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನ್ಯೂಜಿಲೆಂಡಿನ ಪಾಪಟೋಟೊಯಿಯ ಟೈಲ್ಸ್ ಗುತ್ತಿಗೆದಾರ ಜಾವೇದನ ದೋಣಿ ಅವನ ಯೂಟ್ ಎಂಬ ಪಿಕಪ್ ಗಾಡಿಯ ಹಿಂದೆ ಕಟ್ಟಿಸಿಕೊಂಡು ಸಿದ್ಧವಾಗಿತ್ತು. ಹೊರಡಲಿಲ್ಲ.

ಅವನ ಅತ್ತೆ ಕುಬ್ರಾ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು ಅಂಗಳದಲ್ಲಿ ನಿಂತಿದ್ದರು. ಗದಗಿನಿಂದ ಬಂದು ಮೂರು ತಿಂಗಳಾಗಿತ್ತು. ಮರುದಿನ ವಾಪಸು ವಿಮಾನ. ಅಳಿಯನ ದೋಣಿಯಲ್ಲಿ ಒಮ್ಮೆ ಸಮುದ್ರ ಸುತ್ತಬೇಕು ಎಂಬುದೊಂದನ್ನೇ ಅವರು ಕೇಳಿದ್ದು.

ನ್ಯೂಜಿಲೆಂಡಿನಲ್ಲಿ ಖಾಸಗಿ ದೋಣಿಗೆ ವಾರ್ಷಿಕ ತೆರಿಗೆ ಇಲ್ಲ. ನೋಂದಣಿ ಬೇಕಿರುವುದು ಅದನ್ನು ಹೊರುವ ಟ್ರೇಲರಿಗೆ ಮಾತ್ರ. ಊರಿನಲ್ಲಿ ಸ್ಕೂಟರಿಗೂ ಆಜೀವ ತೆರಿಗೆ ಕಟ್ಟಿ ಬಂದಿದ್ದ ಜಾವೇದ್ ಇದನ್ನು ನಂಬಲಿಲ್ಲ. ಪಕ್ಕದ ಮನುಕಾವ್‌ನಲ್ಲಿ ತೆರಿಗೆ ಸಲಹೆಗಾರನಾಗಿರುವ ಗೆಳೆಯ, ಮೈಸೂರಿನ ಶ್ರೀಪಾದ, ಅವನನ್ನು ನಿರಾಶೆಗೊಳಿಸಲಿಲ್ಲ: ತೆರಿಗೆ ಪೆಟ್ರೋಲಿನಲ್ಲಿದೆ ಎಂದು ಹುಡುಕಿಕೊಟ್ಟ. ಖಾಸಗಿ ದೋಣಿಯವರಿಗೆ ಪೆಟ್ರೋಲಿನ ಮೇಲಿನ ಅಬಕಾರಿ ಸುಂಕ ಮರಳಿ ಸಿಗುವುದಿಲ್ಲ. ವಾಣಿಜ್ಯ ದೋಣಿಯವರಿಗೆ ಸಿಗುತ್ತದೆ. ಹೀಗೆ ಜಾವೇದನ ಹೆಸರಿನಲ್ಲಿ ಮೀನು ಹಿಡಿಸುವ ಪ್ರವಾಸದ ಕಂಪನಿಯೊಂದು ಹುಟ್ಟಿತು. ಪರವಾನಗಿ ಬಂದಿರಲಿಲ್ಲವಾದ್ದರಿಂದ ಗಿರಾಕಿಗಳಿರಲಿಲ್ಲ. ದೋಣಿ ಐದು ತಿಂಗಳಿನಿಂದ ಒಂದು ಹನಿಯನ್ನೂ ಸುಡದೆ ಸುಂಕವನ್ನು ಪೂರ್ತಿ ಉಳಿಸಿತ್ತು.

ಹೊರಡುವ ಮುನ್ನ ಜಾವೇದ್ ಶ್ರೀಪಾದನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಅತ್ತೆ ಹತ್ತಿದರೆ ಅದು ಸ್ವಂತ ಬಳಕೆಯ ದಿನ, ಅಂಥ ದಿನ ಹೆಚ್ಚಿದಷ್ಟೂ ಕಂಪನಿ ತೆರಿಗೆಯಲ್ಲಿ ತೋರಿಸಬಹುದಾದ ಖರ್ಚು ಕಡಿಮೆಯಾಗುತ್ತದೆ ಎಂದು ಆತ ವಿವರಿಸಿದ. ಹಾಗಾದರೆ ಟಿಕೆಟ್ ತೆಗೆದುಕೊಳ್ಳುತ್ತೇನೆ ಎಂದರು ಕುಬ್ರಾ.

“ತಗೊಂಡ್ರೂ ಅಷ್ಟೇ ಆಂಟಿ. ನೀವು ಸಂಬಂಧಿಕರು.”

ಜಾವೇದನ ಹೆಂಡತಿ ಅಜ್ರಾ ಫೋನಿನ ಹತ್ತಿರ ಬಂದಳು. “ಹಂಗಾರ ನಾ ಇವರನ್ನ ಬಿಟ್ಟಬಿಡ್ತೀನ್ರಿ. ಆಗ ಅಮ್ಮಿ ಗಿರಾಕಿ ಆಗ್ತಾರೇನು?”

ಶ್ರೀಪಾದ ನಿಯಮ ತೆರೆದು ನೋಡಿದ. “ಆಗಬಹುದು. ಆದ್ರೆ ಇವತ್ತೇ ಆಗಲ್ಲ.”

ತಾಯಿ ಮಗಳಿಬ್ಬರೂ ಜಾವೇದನ ಮುಖ ನೋಡಿದರು. ಅವನು ದೋಣಿಯ ಕಡೆ ನೋಡಿ, ಮುಂದಿನ ಸಲ ಬಂದಾಗ ಖಂಡಿತ ಕರೆದೊಯ್ಯುವುದಾಗಿ ಹೇಳಿದ.

ಕುಬ್ರಾ ಲೈಫ್ ಜಾಕೆಟ್ ಬಿಚ್ಚಿ ಅಳಿಯನ ಕೈಗೆ ಕೊಟ್ಟರು. ಫೋನಿನಲ್ಲಿದ್ದ ಶ್ರೀಪಾದನಿಗೂ ತಿಳಿಯಲೆಂದು ಮನೆಮಾತು ಬಿಟ್ಟು ಕನ್ನಡದಲ್ಲೇ ಹೇಳಿದರು: “ಮುಂದಿನ ಸಲಕ್ಕ ನಾ ಇರ್ತೀನೋ ಇಲ್ಲೋ, ಅದನ್ನೂ ಅವರನ್ನ ಕೇಳಿ ಇಟ್ಕೋ.”

ಅಜ್ರಾ ಅಮ್ಮಿಯನ್ನು ರೈಲಿನಲ್ಲಿ ನಗರಕ್ಕೆ ಕರೆದೊಯ್ದು ಟಿಕೆಟ್ ಕೊಂಡು ಸಮುದ್ರ ದಾಟಿ ಡೆವನ್‌ಪೋರ್ಟಿಗೆ ಹೋಗುವ ಫೆರ್ರಿ ಹತ್ತಿಸಿದಳು. ಅಲ್ಲಿ ಅವರಿಬ್ಬರೂ ಗಿರಾಕಿಗಳು.

ಜಾವೇದ್ ಮಂಗಳವಾರ ಕಂಪನಿ ಮುಚ್ಚಲು ಅರ್ಜಿ ಹಾಕಿದ. ಕುಬ್ರಾ ಅಷ್ಟರಲ್ಲಿ ಗದಗ ತಲುಪಿದ್ದರು.