ಹಪರಿಚಿತ ಎಂಗಸು

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತ ಐದನೆಯ ಸಲ ನನ್ನನ್ನು ಸಾಗಹಾಕಲು ನೋಡಿದಾಗ, ನಾನು ಅವನೆದುರಿನ ಕುರ್ಚಿ ಎಳೆದುಕೊಂಡು ಕೂತೇಬಿಟ್ಟೆ.

"ಆ ಹೆಸರು ಇಲ್ಲ ಅಂದ್ರೆ ಇಲ್ಲ ಮೇಡಂ. ಇಡೀ ವರ್ಷದ ರಿಜಿಸ್ಟರು ನೋಡಾಯ್ತು."

"ನೀವು ನೋಡಿದ್ದು ಸಾಕು. ಇನ್ನು ನಾನು ನೋಡ್ತೀನಿ, ಕೊಡಿ ಇಲ್ಲಿ."

"ಹೊರಗಿನವರಿಗೆ ಕೊಡೋ ಹಾಗಿಲ್ಲ."

"ನನ್ನ ಅಜ್ಜಿ ಒಳಗಿದ್ದೋಳು. ನಾನು ಹೇಗೆ ಹೊರಗಿನವಳಾಗ್ತೀನಿ?"

ನನ್ನ ಕೈಯಲ್ಲಿ ದೊಡ್ಡ ಡಾಕ್ಟರ ಅನುಮತಿ ಪತ್ರ ಇತ್ತು. ಮೊದಲ ಸಲ ಅದರ ಮೊಹರು ಸರಿಯಾಗಿ ಬಿದ್ದಿಲ್ಲ ಎಂದಿದ್ದ. ಆಮೇಲೆ ಕಪಾಟಿನ ಕೀಲಿ ರಜೆಯಲ್ಲಿದ್ದವರ ಹತ್ತಿರ ಇತ್ತು. ಇವನ ಕುಂಟುನೆಪಗಳನ್ನು ಬರೆದಿಡಲಿಕ್ಕೇ ಬೇರೆ ರಿಜಿಸ್ಟರು ಬೇಕು. ಕೊನೆಗೆ ಗೊಣಗುತ್ತಾ ಎದ್ದು, ದಪ್ಪ ಪುಸ್ತಕವೊಂದನ್ನು ತಂದು ಧೂಳು ನನ್ನ ಮುಖಕ್ಕೇ ಹಾರುವ ಹಾಗೆ ಮೇಜಿನ ಮೇಲೆ ಕುಕ್ಕಿದ.

ನಮ್ಮ ಮನೆಯಲ್ಲಿ ಅಜ್ಜಿ ಎಂದರೆ ಓಡಿಹೋದವಳು. ಅಪ್ಪನಿಗೆ ಎರಡು ವರ್ಷವಿದ್ದಾಗ ಯಾರ ಜೊತೆಗೋ ಹೊರಟುಹೋದಳು ಎಂದು ಅಜ್ಜ ಹೇಳಿದ್ದರು, ಆರು ತಿಂಗಳಿಗೆ ಇನ್ನೊಂದು ಮದುವೆಯಾಗಿದ್ದರು. ಅಪ್ಪ ಶಾಲೆಯಲ್ಲಿ 'ಓಡಿಹೋದವಳ ಮಗ' ಎನ್ನಿಸಿಕೊಂಡೇ ಬೆಳೆದರು. ನನ್ನ ಅಮ್ಮ ಅಂಗಡಿಯಿಂದ ಬರುವುದು ಹತ್ತು ನಿಮಿಷ ತಡವಾದರೆ ಗೇಟಿನ ಹತ್ತಿರ ಹೋಗಿ ನಿಂತುಬಿಡುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಆ ಗೇಟು ಬಿಡಲಿಲ್ಲ.

ಹೋದ ತಿಂಗಳು ಅಜ್ಜನ ತಂಗಿ, ಅಪ್ಪನ ಸೋದರತ್ತೆ, ಹಾಸಿಗೆ ಹಿಡಿದವರು ಅಪ್ಪನನ್ನು ಕರೆಸಿಕೊಂಡು ಹೇಳಿದರು: "ನಿಮ್ಮಮ್ಮ ಎಲ್ಲಿಗೂ ಓಡಿಹೋಗಲಿಲ್ಲ ಕಣೋ. ನೀನು ಹುಟ್ಟಿದ ಮೇಲೆ ಮಂಕಾಗಿ ಕೂತುಬಿಟ್ಟಿದ್ಲು, ಸುಮ್ಸುಮ್ನೆ ಅಳೋಳು. ನಮ್ಮಣ್ಣ ಮಾನಸಿಕ ಆಸ್ಪತ್ರೆಗೆ ಬಿಟ್ಟು ಬಂದ." ಎಪ್ಪತ್ತನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಆ ಮುದುಕಿ ಇಷ್ಟು ಹೇಳಿ ಹಗುರಾದರು. ಭಾರವೆಲ್ಲ ಅಪ್ಪನ ಮೇಲೆ ಬಿತ್ತು.

"ಸಾಯೋ ಹೊತ್ತಿಗೆ ಎಲ್ಲರೂ ಒಳ್ಳೆ ಮಾತಾಡ್ತಾರೆ, ನಂಗೆ ನಂಬಿಕೆ ಇಲ್ಲ" ಎಂದರು ಅಪ್ಪ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನನ್ನ ಹತ್ತಿರ ಬಂದು, "ಅವಳು ನನ್ನನ್ನ ಬಿಟ್ಟು ಹೋದ್ಲೋ ಇಲ್ವೋ, ಅಷ್ಟು ಒಂದು ತಿಳ್ಕೊಂಡು ಬಾರೇ" ಎಂದರು. ಆ ಮನುಷ್ಯ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ರಿಜಿಸ್ಟರಿನಲ್ಲಿ ಅಜ್ಜಿಯ ಹೆಸರು ನಿಜವಾಗಿಯೂ ಇರಲಿಲ್ಲ. ಬೆಳಗಿನಿಂದ ಒಂದೇ ಸಮನೆ ಪುಟ ತಿರುವಿದೆ. ಕಣ್ಣು ಉರಿಯಿತು, ಸೊಂಟ ಹಿಡಿಯಿತು. ಮಧ್ಯಾಹ್ನ ಕಳೆದ ಮೇಲೆ 'ಹೆಂಗಸು ಸಂಖ್ಯೆ ೪೧, ಹೆಸರು ಗೊತ್ತಿಲ್ಲ' ಎಂಬ ಸಾಲಿನ ಪಕ್ಕ ಅಂಟಿಸಿದ ಚೀಟಿ ಸಿಕ್ಕಿತು. ಕರೆತಂದವರು ಸ್ವಂತ ಕೈಯಲ್ಲಿ ಬರೆದುಕೊಟ್ಟ ಹೇಳಿಕೆ ಅದು:

'ಹೀ ಎಂಗಸು ನನಗೆ ಹಪರಿಚಿತಳು. ರಸ್ತೆಯಲ್ಲಿ ಹಳುತ್ತಾ ಕುಳಿತಿದ್ದಳು. ಇಂದುಮುಂದು ಯಾರೂ ಇಲ್ಲ. ಇಂತಿ, ದಾರಿಓಕ.'

ಗುಮಾಸ್ತ ಬಗ್ಗಿ ನೋಡಿ ಕಿಸಕ್ಕನೆ ನಕ್ಕ. ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಪುಸ್ತಕವನ್ನು ಬೆಳಕಿಗೆ ತಿರುಗಿಸಿ ಆ ಅಕ್ಷರಗಳನ್ನು ಮತ್ತೆ ನೋಡಿದೆ.

ನಮ್ಮದು ಬೋರ್ಡು ಬರೆಯುವ ಅಂಗಡಿ. ಈಗ ನಾನು ನಡೆಸುತ್ತೇನೆ, ಶುರು ಮಾಡಿದ್ದು ಅಜ್ಜ. ಅಕ್ಷರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು, ಆದರೆ ನಾಲಿಗೆಯಲ್ಲಿದ್ದ ತೊಡಕು ಕುಂಚಕ್ಕೂ ಇಳಿದಿತ್ತು. ಅಕಾರ ಇದ್ದಲ್ಲಿ ಹಕಾರ, ಹಕಾರ ಇದ್ದಲ್ಲಿ ಅಕಾರ. 'ಅಕ್ಕಿ ಅಂಗಡಿ'ಗೆ 'ಹಕ್ಕಿ ಹಂಗಡಿ' ಎಂದು ಬರೆದುಕೊಟ್ಟು, ಜನ ಬಂದು ಗಿಳಿ ಇದೆಯಾ ಎಂದು ಕೇಳಿ, ಅಂಗಡಿಯವನು ಜಗಳಕ್ಕೆ ಬಂದಿದ್ದ. ಬೀದಿಯಲ್ಲಿ ನಮಗೆ ಇವತ್ತಿಗೂ 'ಹಕಾರದ ಮನೆಯವರು' ಎಂದೇ ಹೆಸರು. ಆ ನಾಚಿಕೆಗೇ ಅಪ್ಪ ಕುಂಚ ಮುಟ್ಟದೆ ಪ್ರೆಸ್ಸು ಸೇರಿ, ನಲವತ್ತು ವರ್ಷ ಊರವರ ಬರಹದ ತಪ್ಪು ತಿದ್ದಿದರು.

ಊರಲ್ಲಿ ಹೀಗೆ ಇನ್ನೂ ಹತ್ತು ಜನ ಬರೆಯುತ್ತಿದ್ದರು ಎಂದುಕೊಳ್ಳೋಣ. ಆದರೆ ಆ ದುಂಡು, ಆ ಒತ್ತಿನ ಬಾಲವನ್ನು ಮೀಸೆಯಂತೆ ತಿರುವುವ ಗತ್ತು ಒಬ್ಬನದೇ. ಹೌದು, ಒಬ್ಬನದು. ಇಲ್ಲಿಂದ ಮುಂದೆ ಅಜ್ಜನಿಗೆ ಬಹುವಚನ ಇಲ್ಲ.

ಗಂಡ ಎಂದು ಸಹಿ ಹಾಕಿದ್ದರೆ ಗುಣವಾದ ಮೇಲೆ ಬಂದು ಕರೆದುಕೊಂಡು ಹೋಗಿ ಎಂದು ಅವನಿಗೆ ಕಾಗದ ಬರುತ್ತಿತ್ತು. ದಾರಿಹೋಕನಿಗೆ ಯಾರು ಕಾಗದ ಬರೆಯುತ್ತಾರೆ? ಕಟ್ಟಿಕೊಂಡವಳನ್ನು ಪರದೇಶಿ ಮಾಡಿ ಕೈತೊಳೆದುಕೊಂಡ, ಬಸ್ಸು ಹತ್ತಿ ಮನೆಗೆ ಬಂದು ಓಡಿಹೋದಳು ಎಂದ. ಬಸ್ಸಿನಲ್ಲಿ ಇಪ್ಪತ್ತೇ ನಿಮಿಷದ ದಾರಿ ಅದು.

"ಹೆಂಗಸು ನಲವತ್ತೊಂದರ ಫೈಲು ತನ್ನಿ" ಎಂದೆ. ನನ್ನ ಮುಖ ಹೇಗಿತ್ತೋ ಏನೋ, ಗುಮಾಸ್ತ ಈ ಸಲ ಕೀಲಿಯ ಕಥೆ ಹೇಳಲಿಲ್ಲ.

ಮೊದಲ ಹಾಳೆ: 'ಹೆಸರು ಹೇಳುತ್ತಾಳೆ, ಖಾತ್ರಿ ಮಾಡುವವರಿಲ್ಲ. ಗಂಡ ಬೋರ್ಡು ಬರೆಯುತ್ತಾನೆ, ಎರಡು ವರ್ಷದ ಮಗನಿದ್ದಾನೆ ಎನ್ನುತ್ತಾಳೆ. ಹೇಳಿದ ವಿಳಾಸಕ್ಕೆ ಆಳು ಕಳಿಸಿ ವಿಚಾರಿಸಲಾಯಿತು. ಮನೆಯ ಯಜಮಾನ ಅಂಥವಳು ಯಾರೂ ಇಲ್ಲ ಎಂದಿದ್ದಾನೆ. ಭ್ರಮೆ.'

ಮೂರನೆಯ ತಿಂಗಳು: 'ಊಟ, ನಿದ್ದೆ ಸರಿಯಾಗಿದೆ. ಅಳು ನಿಂತಿದೆ. ಹೊಲಿಗೆ ಅಚ್ಚುಕಟ್ಟು. ಮಗನ ಭ್ರಮೆ ಹಾಗೇ ಇದೆ. ಬಿಡುಗಡೆ ಇಲ್ಲ.'

ಎರಡನೆಯ ವರ್ಷ: 'ಮಗನಿಗೆ ನಾಲ್ಕು ತುಂಬಿತು ಎನ್ನುತ್ತಾಳೆ. ಭ್ರಮೆ.' ಐದನೆಯ ವರ್ಷ: 'ಮಗನಿಗೆ ಏಳು, ಶಾಲೆಗೆ ಸೇರಿಸಿದರೋ ಇಲ್ಲವೋ ಎಂದು ಎಲ್ಲರನ್ನೂ ಕೇಳುತ್ತಾಳೆ. ಭ್ರಮೆ.'

ವರ್ಷ ವರ್ಷವೂ ಲೆಕ್ಕ ತಪ್ಪದೆ ಮಗನ ವಯಸ್ಸು ಹೇಳುತ್ತಿದ್ದಳು. ಹುಚ್ಚು ಯಾರಿಗೆ ಹಿಡಿದಿತ್ತು? ಅವಳಿಗೋ, ಲೇಖನಿ ಹಿಡಿದು ಅದನ್ನು ಬರೆದುಕೊಂಡ ದೊಡ್ಡ ಮನುಷ್ಯರಿಗೋ? ಇನ್ನೊಂದು ಸಲ ಆಳು ಕಳಿಸಿ ಪಕ್ಕದ ಮನೆಯಲ್ಲಿ ವಿಚಾರಿಸಬೇಕೆಂದು ಒಬ್ಬನಿಗಾದರೂ ಹೊಳೆಯಲಿಲ್ಲವೇ? ಮೇಜು ಗುದ್ದಿದೆ. ಗುಮಾಸ್ತ ಬೆಚ್ಚಿ, ಲೋಟದ ನೀರನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.

ಹನ್ನೊಂದನೆಯ ವರ್ಷದ ಹಾಳೆಯಲ್ಲಿ ಒಂದೇ ಸಾಲಿತ್ತು: 'ಮಗನ ಮಾತು ಬಿಟ್ಟಿದ್ದಾಳೆ. ಸುಧಾರಣೆ.' ಅಷ್ಟಾದರೂ ಬಿಡಲಿಲ್ಲ, ಕರೆದೊಯ್ಯುವವರು ಇರಲಿಲ್ಲವಲ್ಲ. ಹದಿನೆಂಟನೆಯ ವರ್ಷ ಜ್ವರ ಬಂದು ತೀರಿಕೊಂಡಳು.

ನಕಲು ಮಾಡಿಸಿಕೊಂಡು ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತು ಪೆನ್ಸಿಲಿನಿಂದ ಪೇಪರಿನ ತಪ್ಪು ತಿದ್ದುತ್ತಿದ್ದರು. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ.

"ಬಿಟ್ಟು ಹೋಗಿಲ್ಲ ಅಪ್ಪ" ಎಂದೆ.

ಅಪ್ಪ ಕೈ ಚಾಚಿದರು. ಹನ್ನೊಂದನೆಯ ವರ್ಷದ ಹಾಳೆಯೊಂದನ್ನು ಬ್ಯಾಗಿನಲ್ಲೇ ಉಳಿಸಿಕೊಂಡು ಮಿಕ್ಕದ್ದನ್ನು ಕೊಟ್ಟೆ. ಚೀಟಿಯನ್ನು ಓದುವಾಗ ಅವರ ಪೆನ್ಸಿಲು ತಾನಾಗಿ 'ಹಪರಿಚಿತ'ದ ಹಕಾರದ ಹತ್ತಿರ ಹೋಗಿ, ಅಲ್ಲೇ ನಿಂತಿತು. ತಿದ್ದಲಿಲ್ಲ. ಒಂದೊಂದೇ ಹಾಳೆ ತಿರುವಿದರು.

"ಹದಿನೇಳನೇ ಪುಟ ಎಲ್ಲಿ?"

"ಅದು ನಕಲು ಸರಿಯಾಗಿ ಬಂದಿಲ್ಲ ಅಪ್ಪ."

"ನಲವತ್ತು ವರ್ಷ ಪುಟ ಎಣಿಸಿದೋನು ನಾನು. ಕೊಡು."

ಕೊಟ್ಟೆ. ಒಂದು ಸಾಲು ಓದಲು ಎಷ್ಟು ಹೊತ್ತು ಬೇಕು? ಅಪ್ಪ ತಲೆ ಎತ್ತಲೇ ಇಲ್ಲ. ಆಮೇಲೆ ಹೇಳಿದರು: "ಆಗ ನಂಗೆ ಹದಿಮೂರು. ಅವಳನ್ನ ನಾಲ್ಕು ಜನರ ಮುಂದೆ ಬೈಯೋದು ಕಲಿತಿದ್ದೆ. ಯಾರಾದ್ರೂ ಕೇಳಿದ್ರೆ ನಮ್ಮಮ್ಮ ಸತ್ತಳು ಅಂತಿದ್ದೆ. ಅವಳೂ ನಾನೂ ಒಂದೇ ವರ್ಷ ಕೈಬಿಟ್ವಿ ನೋಡು."

ಅವರು ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಎದ್ದು ಅಂಗಿ ಬದಲಾಯಿಸಿದರು. "ನಡಿ, ಹೋಗೋಣ" ಎಂದರು. ಬಸ್ಸಿನಲ್ಲಿ ಇಪ್ಪತ್ತು ನಿಮಿಷವೂ ಕೈಗಡಿಯಾರ ನೋಡುತ್ತಲೇ ಕೂತಿದ್ದರು.

ಗುಮಾಸ್ತ ಆಗಲೇ ಕಿಟಕಿ ಮುಚ್ಚುತ್ತಿದ್ದ. ನನ್ನನ್ನು ಕಂಡು ಕೈಮುಗಿದ. "ಮೇಡಂ, ನಕಲು ಎಲ್ಲಾ ಕೊಟ್ಟಾಯ್ತಲ್ಲ!"

"ನಕಲು ಬೇಡ, ಮೂಲ ತೆಗೀರಿ" ಎಂದರು ಅಪ್ಪ. "ಅದರಲ್ಲಿ ತಪ್ಪಿದೆ. ತಿದ್ದಬೇಕು."

"ಅದು ಮುಚ್ಚಿ ಐವತ್ತಾರು ವರ್ಷ ಆಗಿರೋ ಫೈಲು, ಯಜಮಾನ್ರೇ. ಈಗ ಅದರಲ್ಲಿ ಬರೆಯೋ ಹಾಗಿಲ್ಲ. ಅಷ್ಟಕ್ಕೂ ನೀವ್ಯಾರು?"

ಅಪ್ಪ ಹದಿನೇಳನೇ ಪುಟವನ್ನು ಅವನ ಮುಂದೆ ಇಟ್ಟರು. ತೋಳು ಮಡಿಚಿ, ನರ ಎದ್ದ ಕೈಯನ್ನು ಕಿಟಕಿಯ ಸರಳಿನೊಳಗೆ ತೂರಿಸಿದರು.

"ನಾನೇ ಸ್ವಾಮಿ, ಆ ಭ್ರಮೆ. ಎಪ್ಪತ್ತಾರು ತುಂಬಿದೆ ನಂಗೆ. ಮುಟ್ಟಿ ನೋಡಿ, ನೋಡಿ ಬರ್ಕೊಳ್ಳಿ."