ಕೂತವಳ ಕೈಗೆ ಎಟುಕುವ ಮನೆ

ಬೈತಲೆ ಸೊಟ್ಟ, ಹಣೆಯ ನಡುವಿನಿಂದ ನೆಟ್ಟಗೆ ಹೊರಟದ್ದು ನೆತ್ತಿಗೆ ಬರುವಷ್ಟರಲ್ಲಿ ಎಡಕ್ಕೆ ಹೊರಳಿಬಿಟ್ಟಿದೆ, ಆದರೂ ಈ ಗುಲ್ಷನ್‌ಬೀ ಕೈ ಎರಡನ್ನೂ ಮಡಿಲಲ್ಲಿ ಮಲಗಿಸಿಕೊಂಡು, ನನ್ನ ತಂಗಿ ಗದ್ದೆಮ್ಮ ತಲೆ ಬಾಚಿಕೊಳ್ಳುವುದನ್ನು ಸಿನಿಮಾ ನೋಡಿದ ಹಾಗೆ ನೋಡುತ್ತ ಕೂತಿದ್ದಾಳೆ, ಇದಕ್ಕೇ ಏನು ಅಂಗವಿಕಲರ ಸಂಸ್ಥೆಯವರು ಇವಳಿಗೆ ಪಗಾರ ಕೊಡುವುದು, ಬೆಳಿಗ್ಗೆ ಒಂದು ತಾಸು ಸಂಜೆ ಒಂದು ತಾಸು ಕೂತು ನೋಡುವುದಕ್ಕೆ? ಸೊಟ್ಟ ಆಗೈತಿ, ತಾ ಇಲ್ಲಿ ಹಣಿಗಿ, ಎಂದು ನಾನು ಕೈ ಚಾಚಿದರೆ, ಇರ್ಲಿ ಬಿಡಕ್ಕ, ನನಗೇನ ಕಾಣ್ತೈತೇನ, ನೋಡಾವ್ರು ಕುತ್ತಿಗಿ ವಾರಿ ಮಾಡ್ಕೊಂಡು ನೋಡ್ತಾರ, ಎಂದು ಗದ್ದೆಮ್ಮ ನಕ್ಕಳು, ಗುಲ್ಷನ್‌ಬೀಯೂ ನಕ್ಕಳು, ನನ್ನನ್ನು ಹೊರಗಿಟ್ಟು ಇಬ್ಬರೇ ನಕ್ಕರು. ಇಪ್ಪತ್ನಾಲ್ಕು ವರ್ಷ ಆ ತಲೆ ಬಾಚಿದ್ದು ಈ ಕೈ, ಎರಡು ವರ್ಷದ ಕೂಸಿಗೆ ಜ್ವರ ಬಂದು ಕಾಲು ಎರಡೂ ಬತ್ತಿದ ದಿನದಿಂದ ಸೊಂಟದ ಮೇಲೆ ಹೊತ್ತದ್ದು ನಾನು, ನನ್ನ ಬಲ ಸೊಂಟ ಇವತ್ತಿಗೂ ಒಂದು ಬೆರಳು ಮೇಲೆ ನಿಂತಿದೆ, ನಾಟಿಗೆ ಹೋದರೆ ಅವಳನ್ನು ಕಾಲುವೆ ಒಡ್ಡಿನ ಮೇಲೆ ಕೂಡಿಸಿ, ನಾಲ್ಕು ಸಾಲಿಗೊಮ್ಮೆ ತಲೆ ಎತ್ತಿ ನೋಡುತ್ತಿದ್ದೆ. ದಢೇಸುಗೂರಿನಿಂದ ನನಗೆ ಗಂಡು ಬಂದಾಗ ಪಕೀರಪ್ಪ ಕಾಕಾ ಕೇಳಿದ್ದ, ಒಬ್ಬಾಕಿನ ಬಾ ಅಂತಾರವ್ವ, ಏನ ಅಂತೀ, ನಾನು ಗದ್ದೆಮ್ಮನ ಬಾಯಿಗೆ ತುತ್ತಿಡುತ್ತ ಅಂದಿದ್ದೆ, ಇಬ್ರು ಬರ್ತೀವಂತ ಹೇಳು ಕಾಕಾ, ಇಲ್ಲಂದ್ರ ಅವ್ರ ಚಾ ಕುಡುದು ಹೋಗ್ಲಿ. ಚಹಾ ಕುಡಿದು ಹೋದರು.

ಆಗಲಿ, ಅದನ್ನೆಲ್ಲ ಎತ್ತಿ ಆಡುವುದಕ್ಕೆ ಬಂದವಳಲ್ಲ ನಾನು, ಇವತ್ತು ಇವಳನ್ನು ನಮ್ಮೂರು ಜವಳಗೇರಾಕ್ಕೆ ಕರೆದುಕೊಂಡೇ ಹೋಗಬೇಕು, ಬಟ್ಟೆ ತುಂಬಲು ಖಾಲಿ ಚೀಲವನ್ನೂ ತಂದಿದ್ದೇನೆ, ಒಂದೇ ಒಂದು ಸಲ ಅಕ್ಕಾ ನನ್ನ ಕೈಲೆ ಆಗವಲ್ದು ಅನ್ನಲಿ, ಸಾಕು, ಹೊತ್ತುಕೊಂಡು ಬಸ್‌ಸ್ಟ್ಯಾಂಡ್ ಮುಟ್ಟುತ್ತೇನೆ. ಆದರೆ ಇವಳು ಒಬ್ಬಳೇ ಬಂದು ಇರುವ ಸಿಂಧನೂರಿನ ಈ ಖೋಲಿ ಅವಳ ಬಾಯಿಂದ ಆ ಮಾತು ಬರಗೊಡುವುದಿಲ್ಲ, ಇಲ್ಲಿ ಎಲ್ಲವೂ ಕೆಳಗಿದೆ, ಸ್ಟೋವು ನೆಲದ ಮೇಲೆ, ಕೈಯಿಂದ ತಿರುಗಿಸುವ ಹೊಲಿಗೆ ಮಿಷನ್ ನೆಲದ ಮೇಲೆ, ಬಟ್ಟೆ ಒಣಗಿಸುವ ಹಗ್ಗ ಕೂತರೆ ಎಟುಕುವಷ್ಟು, ಪೇಪರು ಹಾಸಿದ ಡಬ್ಬಿ ಹಲಗೆ ಮಡಿಲಿನ ಮಟ್ಟಕ್ಕೆ, ತೊಂಬತ್ನಾಲ್ಕನೇ ಇಸವಿಯ ಕ್ಯಾಲೆಂಡರು ಕೂಡ ಕೂತವಳ ಕಣ್ಣಿಗೆ ಸರಿಯಾಗಿ — ನಿಂತವಳು ನಾನು ಪ್ರತಿಯೊಂದಕ್ಕೂ ಬಗ್ಗಬೇಕು, ಪುಂಡಿಪಲ್ಯ ತಂದರೆ ಇವಳಾಗಲೇ ಬೇಳೆ ಕುದಿಸಿಟ್ಟಿದ್ದಾಳೆ, ಸ್ಟೋವಿಗೆ ಕೈ ಹಾಕಿದರೆ ಕುಂದ್ರಕ್ಕ, ನೀ ಬಂದಾಕಿ ಅನ್ನುತ್ತಾಳೆ. ಬಂದಾಕಿ! ಹೊತ್ತವಳು ಬಂದಾಕಿ, ಹತ್ತು ತಿಂಗಳ ಹಿಂದೆ ಗುರುತಾದ ಪಕ್ಕದ ಖೋಲಿಯವಳು ಚಾಚಿ, ಚಾಚೀ ಇದ ನೋಡು, ಚಾಚೀ ಅದ ಕೇಳು. ಹೋದ ತಿಂಗಳು ಮಸ್ಕಿಗೆ ಸಂಘದ ಮೀಟಿಂಗಿಗೆ ಇಬ್ಬರೇ ಹೋಗಿ ಬಂದರಂತೆ, ನನಗೆ ಸುದ್ದಿ ಹೇಳಿದವನು ಊರಿನ ರಾಮಣ್ಣ, ಏ ಆದೆಮ್ಮ, ನಿಮ್ಮ ಗದ್ದಿ ಬಸ್ಸಿನ ಮೆಟ್ಲ ಕೈ ಊರಿ ಊರಿ ತಾನ ಹತ್ಯಾಳ, ಕಂಡಕ್ಟರ್ ಎತ್ತಾಕ ಬಂದ್ರ ಆ ಸಾಬರಾಕಿ, ತಮ್ಮಾ, ಆಕಿ ಕೇಳಿದ್ರ ಎತ್ತು ಅಂದ್ಲು, ಅಂದ. ಕೇಳಿದರೆ ಎತ್ತು. ನನ್ನನ್ನು ಅವಳು ಯಾವತ್ತು ಕೇಳಿದ್ದಳು, ಕೇಳುವ ಮುಂಚೆಯೇ ನಾನು ಎತ್ತಿರುತ್ತಿದ್ದೆನಲ್ಲ, ಬಾಯಿ ಬಿಡುವಷ್ಟರಲ್ಲಿ ಸೊಂಟದ ಮೇಲೆ ಇರುತ್ತಿದ್ದಳು.

ಸ್ಟೋವಿನ ಮೇಲೆ ನೀರಿಟ್ಟು, ಕುದಿಯೂದ್ರಾಗ ಹಿತ್ತಲಕ ಹೋಗಿ ಬರ್ತೀನಿ ಎಂದು ಎರಡು ಕೈಗೂ ಚಪ್ಪಲಿ ತೊಟ್ಟು ಗದ್ದೆಮ್ಮ ಸರಿಯುತ್ತ ಹೋದಳು, ಗುಲ್ಷನ್‌ಬೀ ಕೊಡ ಎತ್ತಿಕೊಂಡು ನಳಕ್ಕೆ ಹೋದಳು, ನಾನೊಬ್ಬಳೇ — ಎದ್ದದ್ದು ನಾನೇ ಏನು, ಹಲಗೆಯಿಂದ ಚಹಾಪುಡಿಯ ಡಬ್ಬಿ ಎತ್ತಿದೆ, ಅದಿದ್ದ ಕಡೆ ಪೇಪರಿನ ಮೇಲೆ ತುಕ್ಕಿನ ಗುಂಡು ಗುರುತು, ಕೆಂಪಗೆ, ಬಳೆಯಷ್ಟು ಗುಂಡಗೆ, ಡಬ್ಬಿಯನ್ನು ತಲೆಯ ಮೇಲಿನ ಗೂಡಿನಲ್ಲಿಟ್ಟು ಬಂದು ಕೂತೆ, ಈಗ ಕೇಳುತ್ತಾಳೆ, ಕೇಳಲೇಬೇಕು, ಕಾಲಿಲ್ಲದವಳು ಅಲ್ಲಿಗೆ ಹೇಗೆ ಮುಟ್ಟುತ್ತಾಳೆ, ಅಕ್ಕಾ ತಕ್ಕೊಡು ಅನ್ನುತ್ತಾಳೆ, ಆಗ ನಾನು ಎದ್ದು, ಮೊದಲಿನ ಹಾಗೆ, ನನ್ನವ್ವ, ಕುಂದ್ರು ಎಂದು — ಬಂದಳು, ಕೈ ಚಪ್ಪಲಿ ಕಳಚಿದಳು, ಕೈ ತೊಳೆದಳು, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಹಲಗೆಗೆ ಕೈ ಚಾಚಿದಳು, ಬೆರಳು ಆ ಕೆಂಪು ಗುರುತಿನ ಮೇಲೆ ಇಳಿದು ನಿಂತಿತು. ಆಮೇಲೆ ನೋಡಿದಳು. ಆಮೇಲೆ ಮೇಲೆ ನೋಡಿದಳು. ನೀರಿನ ಕೊಡ ಹೊತ್ತು ಬಾಗಿಲಲ್ಲಿ ನಿಂತ ಗುಲ್ಷನ್‌ಬೀಯೂ ಮೇಲೆ ನೋಡಿದಳು, ಕೊಡ ಇಳಿಸಿದಳು, ಏನ ಬೇ ಗದ್ದಿ, ಜವಳಗೇರಾದ ಬೆಕ್ಕೇನರ ಹೊಕ್ಕಿತ್ತೇನ ಮನಿಗೆ, ಡಬ್ಬಿ ಬಾಯಾಗ ಹಿಡ್ಕೊಂಡು ಗೂಡು ಏರಿತೇನ, ಎಂದಳು, ನನ್ನ ಮಾನ ಉಳಿಸುವುದಕ್ಕೆ ಅಂದಳೋ ತೆಗೆಯುವುದಕ್ಕೆ ಅಂದಳೋ, ಅಂದು ಮತ್ತೆ ಕೈ ಮಡಚಿ ನಿಂತಳು, ತೆಗೆದುಕೊಡಲಿಲ್ಲ, ಅವಳಿಗೂ ಇನ್ನೂ ಯಾರೂ ಕೇಳಿಲ್ಲವಲ್ಲ. ಗದ್ದೆಮ್ಮ ನಗಲಿಲ್ಲ. ಸಿಟ್ಟೂ ಇಲ್ಲ ಮುಖದಲ್ಲಿ, ಇದ್ದಿದ್ದರೆ ಬೈದು ಅತ್ತು ಕರೆದು ಜಗಳವನ್ನಾದರೂ ಆಡುತ್ತಿದ್ದೆವು. ಅಕ್ಕಾ, ಎಂದಳು, ಅದನ್ನ ಇದ್ದಲ್ಲೇ ಇಡು. ಕೊಡು ಅನ್ನಲಿಲ್ಲ, ಕೈ ಕೂಡ ಚಾಚಲಿಲ್ಲ, ಇಡು ಅಂದಳು. ಎದ್ದೆ, ಗೂಡಿಗೆ ಕೈ ಹಾಕಿದೆ, ಡಬ್ಬಿ ತೆಗೆದೆ, ನೀರು ಮರಳುತ್ತಿದೆ, ಇಬ್ಬರೂ ಕಾಯುತ್ತಿದ್ದಾರೆ, ಇಷ್ಟೇ, ಬಗ್ಗಿ ಇಟ್ಟುಬಿಡುವುದು, ಈ ಖೋಲಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಇಟ್ಟ ಮೇಲೆ ಇನ್ನೇನು ಕೆಲಸ ಇದೆ ನನಗೆ, ಇಟ್ಟರೆ ಗುರುತು ಮುಚ್ಚಿಹೋಗುತ್ತದೆ, ಅದರ ಡಬ್ಬಿ ಅದರ ಮೇಲೆ ಕೂರುತ್ತದೆ, ನಾನು — ಕೈ ಕೆಳಗೆ ಹೋಗುತ್ತಿಲ್ಲ, ಪೇಪರಿನ ಮೇಲೆ ಆ ಗುರುತು, ಕೆಂಪಗೆ, ಡಬ್ಬಿಯಷ್ಟೇ ಅಗಲ, ಒಂದು ಕೂದಲೆಳೆ ಹೆಚ್ಚಿಲ್ಲ, ಆ ಗುರುತು, ಗುಂಡಗೆ, ಖಾಲಿ —