ಎಡಸೀಟಿನ ಬ್ರೇಕು

ಗಿರೀಶನ ಕಾಲು ಇನ್ನೂ ತಗಲಿರಲಿಲ್ಲ, ಬ್ರೇಕಿನ ಪೆಡಲು ಆಗಲೇ ಕೆಳಗೆ ಹೋಗಿತ್ತು.

ಇದು ಮೂರನೆಯ ಸಲ. ಪರದೆಯ ಮೇಲಿನ ಕಾರು ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು ಸಾಧುವಾಗಿ ತಿರುಗಿತು. ಗಿರೀಶ ಸ್ಟೀರಿಂಗ್ ಬಿಟ್ಟು ಮೇಜಿನ ಕೆಳಗೆ ಬಗ್ಗಿ ನೋಡಿದ. ಪೆಡಲು ಮೆಲ್ಲಗೆ ಮೇಲೇಳುತ್ತಿತ್ತು.

ಶಿರಸಿಯಲ್ಲಿ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದ ಶಿವಪುತ್ರಪ್ಪನವರು ಊರಿಗೆಲ್ಲ ಕಾರು ಕಲಿಸಿದರು, ಮಗ ಗಿರೀಶನಿಗೆ ಮಾತ್ರ ಕಲಿಸಲಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಕಲಿಸುವ ಕಾರಿನಲ್ಲಿ ಎಡಸೀಟಿಗೂ ಒಂದು ಬ್ರೇಕು ಇರುತ್ತದೆ. ಬೇರೆಯವರು ಓಡಿಸುವಾಗ ಶಿವಪುತ್ರಪ್ಪನವರ ಕಾಲು ಅದರ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಮಗ ಓಡಿಸುವಾಗ ಮಾತ್ರ ಚಪ್ಪಲಿ ಕಳಚಿ, ಬರಿಗಾಲಿನಲ್ಲಿ, ಅವನಿಗಿಂತ ಮುಂಚೆ ಒತ್ತಿಬಿಡುತ್ತಿದ್ದರು. ಲೈಸೆನ್ಸು ಬಂದು ಹನ್ನೆರಡು ವರ್ಷವಾದರೂ ಕಾರು ನಿಲ್ಲಿಸುತ್ತಿದ್ದದ್ದು ತಾನೋ ಅಪ್ಪನೋ ಎಂಬುದು ಗಿರೀಶನಿಗೆ ಗೊತ್ತಿರಲಿಲ್ಲ.

ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ನಾಳೆ ಸೋಮವಾರ ಸ್ಕೂಲು ಮತ್ತೆ ಶುರು. ಎಡಸೀಟಿನಲ್ಲಿ ಕೂರಬೇಕಾದವನು ಇವನೇ, ಇನ್ನೊಬ್ಬರ ಜೀವ ಇವನ ಕಾಲಿನಲ್ಲಿ. ಹೆದರಿಕೆಯನ್ನು ಯಾರಿಗೂ ಹೇಳಲಾರದೆ, ರೇಸಿನ ಆಟದ ಹಳೆಯ ಸ್ಟೀರಿಂಗು, ಪೆಡಲು ತಂದು ಆಫೀಸಿನಲ್ಲಿ ಗುಟ್ಟಾಗಿ ಅಭ್ಯಾಸಕ್ಕೆ ಕೂತಿದ್ದ.

ಆ ಪೆಡಲೋ ಹತ್ತಿಯ ಮೂಟೆ ತುಳಿದ ಹಾಗಿತ್ತು. ನೆಲದ ಮೇಲೆ ಜಾರದಂತೆ ಅದನ್ನು ಹಲಸಿನ ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ಹಲಗೆಯ ಅಡಿಗೆ ಸೈಕಲ್ ಟ್ಯೂಬು ಅಂಟಿಸಿದ್ದ. ಬ್ರೇಕಿಗೆ ಬಿಗಿ ಬರಲೆಂದು ಸ್ಪ್ರಿಂಗಿನೊಳಗೆ ಗುಜರಿ ಜೀಪಿನ ರಬ್ಬರ್ ಬುಷ್ ತುರುಕಿದ್ದ. ಪಾದ ಊರುವ ಪ್ಲಾಸ್ಟಿಕ್ ತುಳಿಗೆ ತೀರಾ ಚಿಕ್ಕದು. ಅದಕ್ಕೆ ಅಪ್ಪನ ಎಡಸೀಟಿನ ಬ್ರೇಕಿನ ಕಬ್ಬಿಣದ ತುಳಿಗೆಯನ್ನೇ ಬಿಚ್ಚಿ ತಂದು ಎರಡು ನಟ್ಟು ಹಾಕಿ ಕೂರಿಸಿದ್ದ. ಅದರ ನಡುವೆ ಅಪ್ಪನ ಕಾಲಿನ ಹೆಬ್ಬೆರಳು ತಾಗಿ ತಾಗಿ ಸವೆದ ಒಂದು ನುಣುಪು ಕುಳಿ ಇತ್ತು.

ಈಗ ಸ್ಪ್ರಿಂಗು ಸಡಿಲವಿರಬೇಕು ಎಂದು ಬದಲಿಸಿದ. ಧೂಳಿರಬೇಕು ಎಂದು ಪೆಟ್ರೋಲಿನಿಂದ ಒರೆಸಿದ. ನಾಲ್ಕನೆಯ ಸಲವೂ ಅದೇ ಕತೆ.

ಚಹಾ ತಂದ ಹೆಂಡತಿ ಮಹೇಶ್ವರಿ ಬಾಗಿಲಲ್ಲಿ ನಿಂತು ನಕ್ಕಳು. "ಏನ್ರೀ ಇದು, ಸಣ್ಣ ಹುಡುಗರ ಆಟ?"

"ಬಾ, ನೀನೊಮ್ಮಿ ಕುಂತು ನೋಡು."

ಅವಳು ಸೆರಗು ಸಿಕ್ಕಿಸಿ ಕೂತಳು. ಗಿರೀಶ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪೆಡಲನ್ನೇ ನೋಡಿದ. ಹತ್ತು ತಿರುವು ದಾಟಿದರೂ ಅವಳು ಒತ್ತಿದಾಗಷ್ಟೇ ಅದು ಇಳಿಯಿತು, ಬಿಟ್ಟಾಗ ಎದ್ದಿತು.

"ಚಲೋ ಆಗೇತಲ್ರಿ. ಎಷ್ಟು ಬಿಗಿ ಐತಿ!" ಎಂದು ಅವಳು ಖಾಲಿ ಲೋಟ ಎತ್ತಿಕೊಂಡು ಹೋದಳು.

ಹಾಗಾದರೆ ಪೆಡಲು ತಾನಾಗಿ ಇಳಿಯುವುದು ಗಿರೀಶ ಕೂತಾಗ ಮಾತ್ರ. ಅವನಿಗೆ ಸಿಟ್ಟು ಬಂತು, ಅವಮಾನವೂ ಆಯಿತು. "ಸತ್ತ ಮ್ಯಾಲೂ ನನ್ನ ಮ್ಯಾಲ ನಂಬಿಕಿ ಇಲ್ಲೇನಪಾ?" ಎಂದು ಖಾಲಿ ಕೋಣೆಗೆ ಕೇಳಿ, ಸ್ಪ್ಯಾನರ್ ತಗೊಂಡು ತುಳಿಗೆ ಕಳಚಿ ಕಿಟಕಿಯ ಕಟ್ಟೆಯ ಮೇಲಿಟ್ಟ.

ಈಗ ಪೆಡಲು ಕದಲಲಿಲ್ಲ. ತಿರುವು ಬಂತು, ಕಾರು ನೆಟ್ಟಗೆ ಹೋಗಿ ಬಂಡೆಗೆ ಬಡಿಯಿತು. ಇನ್ನೊಮ್ಮೆಯೂ ಬಂಡೆಗೇ. ಆಗ ಅವನು ತನ್ನ ಕಾಲನ್ನು ನೋಡಿಕೊಂಡ: ಪೆಡಲಿನ ಮೇಲೆ ಒಂದಿಂಚು ಎತ್ತರದಲ್ಲಿ ನಿಂತು ಅದು ಕಾಯುತ್ತಿತ್ತು. ಹನ್ನೆರಡು ವರ್ಷವೂ ಹೀಗೇ ಕಾದಿದ್ದೀಯಲ್ಲೋ ಎಂದು ಅದನ್ನು ಬೈದ. ಸಂಜೆಯ ಹೊತ್ತಿಗೆ, ಲೆಕ್ಕವಿಲ್ಲದಷ್ಟು ಸಲ ಬಂಡೆಗೆ ಬಡಿದ ಮೇಲೆ, ಕಾಲು ತಾನಾಗಿಯೇ ಒತ್ತಿತು. ಕಾರು ತಿರುವು ದಾಟಿತು. ಗಿರೀಶನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಬೆಳಿಗ್ಗೆ ತುಳಿಗೆಯನ್ನು ಕಾರಿನ ಎಡಸೀಟಿನ ಬ್ರೇಕಿಗೆ ಮರಳಿ ಹಾಕಿದ, ಅದಿಲ್ಲದೆ ಕಲಿಸುವಂತಿರಲಿಲ್ಲ.

ಮೊದಲ ಶಿಷ್ಯೆ ಅಂಗನವಾಡಿಯ ಶಿಲ್ಪಾ. ಬನವಾಸಿ ರಸ್ತೆಯ ಇಳಿಜಾರಿನಲ್ಲಿ, ತಿರುವಿನಾಚೆಯಿಂದ ಒಂದು ಎಮ್ಮೆ ಹಾದಿಗೆ ಇಳಿಯಿತು. ಅವಳು "ಅಯ್ಯೋ" ಎನ್ನುವುದರೊಳಗೆ ಗಿರೀಶನ ಕಾಲು ಬ್ರೇಕು ಒತ್ತಿತ್ತು. ಅದು ಬಿಗಿಯಾಗಿ, ಅವನ ಕಾಲಿನ ಭಾರಕ್ಕೇ ಇಳಿದಿತ್ತು.

"ಕ್ಲಚ್ ಬಿಡಬ್ಯಾಡ್ರಿ," ಅಂದ.

"ಎಂತ ಸರ್, ನೀವೇ ಒತ್ತಿದ್ರಾ?"

"ಹೂಂ. ನಾನ." ಆ ಮಾತು ಬಾಯಲ್ಲಿ ಸಿಹಿಯಾಗಿತ್ತು.

ಎಮ್ಮೆ ದಾಟಿತು. ಹಾದಿ ಖಾಲಿಯಾಯಿತು. ಗಿರೀಶ ನಿರಾಳವಾಗಿ ಬ್ರೇಕಿನಿಂದ ಕಾಲು ತೆಗೆದ.

ಇಳಿಜಾರಿದ್ದರೂ ಕಾರು ಕದಲಲಿಲ್ಲ. ಅವನು ಕೆಳಗೆ ನೋಡಿದ. ಶಿಲ್ಪಾಳ ಕಾಲು ಕ್ಲಚ್ಚಿನ ಮೇಲಷ್ಟೇ ಇತ್ತು, ಎಡಸೀಟಿನ ಪೆಡಲು ಒತ್ತಿಕೊಂಡೇ ಇತ್ತು.

ಪೊದೆಯೊಳಗಿಂದ ಒಂದು ಕರು, ಇನ್ನೂ ಕಾಲು ಗಟ್ಟಿಯಾಗದ್ದು, ತಾಯಿಯನ್ನು ಹುಡುಕುತ್ತ ಕಾರಿನ ಮೂತಿಯ ಮುಂದೆಯೇ ಹಾದುಹೋಯಿತು. ಅದು ಆಚೆ ಅಂಚು ಸೇರಿದ ಮೇಲೆ ಪೆಡಲು ಮೆಲ್ಲಗೆ ಮೇಲೆದ್ದಿತು.